ಜೋಡಿಯಿಲ್ಲದ ಬಿಲ್ಲೆ

ಹುರುಳಿಕಾಳಿನ ಸಾರಿನಲ್ಲಿ ಮುದ್ದಯ್ಯನ ಹಲ್ಲಿಗೆ ಸಿಕ್ಕಿದ್ದು ಕಲ್ಲಲ್ಲ, ಕೆಂಪು ಗಾಜಿನ ಮಣಿ. ಅದನ್ನು ನಾಲಿಗೆಯ ತುದಿಗೆ ತಂದು, ಬೆರಳಲ್ಲಿ ತೆಗೆದು, ಬಲ್ಬಿನ ಬೆಳಕಿಗೆ ಹಿಡಿದು ನೋಡಿದ ಮೇಲೆ ಮನೆಯಲ್ಲಿ ಯಾರ ಕೈಯೂ ತಟ್ಟೆಗೆ ಇಳಿಯಲಿಲ್ಲ. ಮೊದಲೇ ಮುದ್ದೆಯನ್ನು ಅಗಿಯದೆ ನುಂಗುವ ಜನ. ಅದಕ್ಕೆ ಮುಂಚೆ ಎಷ್ಟು ಮಣಿ ಯಾರ್ಯಾರ ಹೊಟ್ಟೆ ಸೇರಿದ್ದವೋ ದೇವರೇ ಬಲ್ಲ.

“ಇದೇನವ್ವ ಇಂದ್ರಾಣಿ,” ಎಂದ ಮುದ್ದಯ್ಯ ಸೊಸೆಯ ಕಡೆ ನೋಡದೆ, “ಸಾರ್ಗೆ ಒಸ ತರದ ಒಗ್ಗರಣೆಯಾ?”

ಇಂದ್ರಾಣಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮಧ್ಯಾಹ್ನ ಕಾಳು ಆರಿಸಿದ ಮೊರದಲ್ಲೇ ಅವಳು ಮಣಿ ಹರಡಿಕೊಂಡು ಕೂತಿದ್ದಳು.

ಮೈದುನ ಶಂಕರ ಕಿಸಕ್ಕನೆ ನಕ್ಕ. “ಬುಡಪ್ಪ, ನಿನ್ ಒಟ್ಟೇಲಿ ಇಷ್ಟೊತ್ತಿಗೆ ಒಂದು ಸರಾನೇ ಆಗಿರ್ತದೆ.”

“ನಗ್ಬೇಡ ಕಣ್ಲಾ,” ಎಂದು ಅತ್ತೆ ಪುಟ್ಟಗೌರಮ್ಮ ಗದರಿದಳು. ಗದರಿದವಳೇ ಹಿರಿಯ ಮಗ ರಂಗಸ್ವಾಮಿಯ ತಟ್ಟೆಯನ್ನು ಎಳೆದುಕೊಂಡು ಸಾರನ್ನೆಲ್ಲ ಬೆರಳಲ್ಲಿ ಕಲಕಿ ನೋಡಿದಳು. “ನಿಮ್ಮಣ್ಣನ ಗಂಟ್ಲಲ್ಲಿ ಸಿಕ್ಕಾಕ್ಕೊಂಡಿದ್ರೆ ಏನ್ ಗತಿ?”

“ನನ್ ತಟ್ಟೆ ನೋಡಲ್ವಾ?”

“ನೀನು ಕಲ್ಲು ತಿಂದ್ರೂ ಕರಗಿಸ್ಕತೀಯ, ಉಣ್ಣು.”

ಇದು ಆ ಮನೆಯಲ್ಲಿ ದಿನವೂ ನಡೆಯುವ ಮಾತು. ಮೊದಲ ಮುದ್ದೆ ರಂಗಸ್ವಾಮಿಗೆ, ತುಪ್ಪದ ಮೇಲೆ ತುಪ್ಪ ರಂಗಸ್ವಾಮಿಗೆ, ಅವನು ಸೀನಿದರೆ ಅತ್ತೆಗೆ ನಿದ್ದೆಯಿಲ್ಲ. ಮೂವತ್ತೇಳು ವರ್ಷದ ಗಂಡಸನ್ನು ತೊಟ್ಟಿಲ ಮಗುವಿನಂತೆ ನೋಡುವ ಈ ಪರಿ ಕಂಡು ಇಂದ್ರಾಣಿಗೆ ಮದುವೆಯಾದ ಹೊಸದರಲ್ಲಿ ನಗು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಪಾಂಡವಪುರದಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೋಗುವ ರಸ್ತೆಯ ಪಕ್ಕದಲ್ಲೇ ಅವರ ಮನೆ. ಮುದ್ದಯ್ಯ ಹರೆಯದಲ್ಲೇ ನಾಗಮಂಗಲದ ಕಡೆಯಿಂದ ಬಂದು, ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ನಿವೃತ್ತನಾಗಿದ್ದ. ಈಗ ರಂಗಸ್ವಾಮಿ ಅಲ್ಲಿ ಕಬ್ಬು ತೂಗುವ ಕೆಲಸದಲ್ಲಿದ್ದ. ಶಂಕರ ಇನ್ನೂ ಮದುವೆಯಿಲ್ಲದೆ, ಎರಡು ಹಸು ನೋಡಿಕೊಂಡು, ಬಾಡಿಗೆ ಟ್ರಾಕ್ಟರು ಓಡಿಸಿಕೊಂಡು ಇದ್ದ. ಇಂದ್ರಾಣಿಯ ಮಗಳು ಅರ್ಪಿತ ಮೂರನೇ ಕ್ಲಾಸು. ಹೇಳಿಕೊಳ್ಳುವಂಥ ಕೊರತೆಯೇನೂ ಇಲ್ಲದ ಮನೆ. ಆದರೆ ಇಂದ್ರಾಣಿಗೆ ತನ್ನ ಕೈಯಿಂದ ಏನಾದರೂ ಆಗಬೇಕು ಎಂಬ ಹುಳು ಕೊರೆಯುತ್ತಿತ್ತು. ತೊಂಬತ್ತನಾಲ್ಕನೇ ಇಸವಿಯ ಆಷಾಢದಲ್ಲಿ ಮಹಿಳಾ ಸಮಾಜದವರು ಮಣಿ ಕೆಲಸ ಕಲಿಸುತ್ತೇವೆ ಎಂದು ಸಾರಿದಾಗ ಅವಳು ಯಾರನ್ನೂ ಕೇಳದೆ ಹೆಸರು ಬರೆಸಿ ಬಂದಿದ್ದಳು.

ಕಲಿಸುವವರು ಮೈಸೂರಿನಿಂದ ದಿನವೂ ಬಸ್ಸಿನಲ್ಲಿ ಬರುವ ಸಂಘಮಿತ್ರಾ ಮೇಡಂ. ತಟ್ಟೆಗೆ ಒದ್ದೆ ಬಟ್ಟೆ ಹಾಸಿ ಮಣಿ ಸುರಿದರೆ ಉರುಳುವುದಿಲ್ಲ ಎಂಬುದನ್ನು ಅವರು ಮೊದಲ ದಿನವೇ ಹೇಳಿದ್ದರು. ಇಂದ್ರಾಣಿ ಅದನ್ನು ಕಿವಿಗೆ ಹಾಕಿಕೊಂಡದ್ದು ಮಾವನ ಹಲ್ಲಿಗೆ ಮಣಿ ಸಿಕ್ಕಿದ ಮೇಲೆ. ದಾರಕ್ಕೆ ಮೇಣ ತೀಡುವುದು, ಬೆರಳಲ್ಲಿ ಹಿಡಿಯದೆ ಸೂಜಿಯ ಮೊನೆಯಲ್ಲೇ ಮಣಿ ಎತ್ತುವುದು, ದಾರದ ಎರಡೂ ತುದಿಗೆ ಸೂಜಿ ಪೋಣಿಸಿ ಒಂದೇ ಮಣಿಯೊಳಗೆ ಎದುರುಬದುರು ತೂರಿಸುವುದು, ಹಾಗೆ ತೂರಿಸಿ ಎಳೆದಾಗ ಆರು ಮಣಿ ತಟ್ಟನೆ ಹೂವಾಗಿ ನಿಲ್ಲುವುದು. ಮೊದಲ ಹೂವು ನಿಂತಾಗ ಅವಳಿಗೆ ಕಣ್ಣಲ್ಲಿ ನೀರು ಬಂದಿತ್ತು. ಬಿಗಿಯಾಗಿ ಎಳೆದರೆ ಗಾಜಿನ ಅಂಚು ದಾರವನ್ನೇ ಕೊಯ್ಯುತ್ತದೆ, ಸಡಿಲ ಬಿಟ್ಟರೆ ಹೂವು ಬಾಡಿದಂತೆ ಜೋಲುತ್ತದೆ. ಈ ಎರಡರ ನಡುವಿನ ಹದ ಅವಳ ಬೆರಳಿಗೆ ಬೇಗ ಹತ್ತಿತು.

“ಎಡಗಡೆ ಏನಿದೆಯೋ ಬಲಗಡೆಯೂ ಅದೇ ಇರಬೇಕು,” ಎಂದು ಮೇಡಂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. “ಜೋಡಿ ತಪ್ಪಿದರೆ ಹಾಕಿಕೊಂಡವರ ಕತ್ತೇ ವಾರೆ ಕಾಣುತ್ತೆ. ಜೋಡಿಯಿಲ್ಲದ್ದು ಸರದಲ್ಲಿ ಇರಬಾರದು.”

ಇಂದ್ರಾಣಿ ಈ ಮಾತನ್ನು ವೇದವಾಕ್ಯವೆಂದುಕೊಂಡಳು. ಅದೇ ಅವಳಿಗೆ ಮುಳುವಾಯಿತು.

ಮನೆಯಲ್ಲಿ ಗೊಣಗಾಟ ಇದ್ದೇ ಇತ್ತು. “ಅಸ ಕರಿಯೋ ಒತ್ನಲ್ಲಿ ಅತ್ಗೆ ಮಣಿ ಎಣಿಸ್ತಾವ್ಳೆ” ಎಂದು ಶಂಕರ. “ಕಣ್ಣು ಓಯ್ತದೆ ಕಣಮ್ಮಿ” ಎಂದು ರಂಗಸ್ವಾಮಿ. ಆದರೆ ಅರ್ಪಿತಳ ಕೊರಳಿಗೆ ಹಸಿರು ಬಿಳಿ ಮಣಿಯ ಸಣ್ಣ ಸರ ಬಿದ್ದ ದಿನ ಪುಟ್ಟಗೌರಮ್ಮ ಅದನ್ನು ಹಿಡಿದು, ಪೊರೆ ಬಂದ ಕಣ್ಣಿಗೆ ಹತ್ತಿರ ತಂದು, ಬಹಳ ಹೊತ್ತು ಸವರಿದಳು.

“ಒಳ್ಳೆ ಕೈ ಕಣವ್ವ ನಿಂದು,” ಎಂದಳು. “ನನ್ ತಾಳಿ ದಾರ ನವೆದೋಗದೆ. ಪೋಣಿಸಿಕೊಡೋ ಮುದುಕಪ್ಪ ಈಚೆಗೆ ಬರಾದೇ ಇಲ್ಲ. ನೀನೇ ಮಾಡ್ಕೊಟ್ಬುಡು.”

ಇಂದ್ರಾಣಿ ಹಿಗ್ಗಿ ಹೀರೇಕಾಯಿಯಾದಳು. ಅತ್ತೆಯ ತಾಳಿ ತನ್ನ ಕೈಗೆ ಬರುವುದೆಂದರೆ ಮನೆಯೇ ಕೈಗೆ ಬಂದಂತೆ.

ಶ್ರಾವಣದ ಒಂದು ಶುಕ್ರವಾರ ಬೆಳಗ್ಗೆ ಪುಟ್ಟಗೌರಮ್ಮ ತಲೆಗೆ ನೀರು ಹಾಕಿಕೊಂಡು ಬಂದಳು. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕೊರಳಿಗೆ ಹಾಕಿಕೊಂಡು, ಆಮೇಲೆ ತಾಳಿ ತೆಗೆದು ಸೊಸೆಯ ಮುಂದಿನ ತಟ್ಟೆಯಲ್ಲಿಟ್ಟಳು. “ರಾಹುಕಾಲ ಬರಾದ್ರೊಳಗೆ ಮುಗಿಸ್ಬುಡು” ಎನ್ನುವಷ್ಟರಲ್ಲಿ ಕೊಟ್ಟಿಗೆಯಿಂದ ಶಂಕರ ಕೂಗಿದ. ಹಸು ಕರು ಹಾಕುತ್ತಿತ್ತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ಇಂದ್ರಾಣಿ ಹಳೆಯ ದಾರ ಕತ್ತರಿಸಿ, ಕರಿಮಣಿ, ಹವಳ, ಚಿನ್ನದ ಗುಂಡುಗಳನ್ನು ಒಂದೊಂದಾಗಿ ಬಿಡಿಸಿದಳು. ಬಲಗಡೆಯ ಹವಳದ ಹಿಂದೆ, ಎಣ್ಣೆ ಅರಿಶಿನ ಕುಡಿದು ಕಪ್ಪಾದ ದಾರ ಸುತ್ತಿದ ಒಂದು ಗಂಟು. ಬಿಚ್ಚಿದರೆ ಹುಣಸೆಬೀಜದಷ್ಟು ಅಗಲದ ಬೆಳ್ಳಿಯ ಬಿಲ್ಲೆ. ಎಡಗಡೆ ಹುಡುಕಿದಳು, ಅಂಥದ್ದು ಇರಲಿಲ್ಲ. ಕೇಳೋಣವೆಂದರೆ ಅತ್ತೆಯ ಕೈ ಕರುವಿನ ಕಾಲು ಎಳೆಯುವುದರಲ್ಲಿತ್ತು, ರಾಹುಕಾಲ ಬೇರೆ ಹತ್ತಿರವಾಗುತ್ತಿತ್ತು. ಜೋಡಿ ಕಳೆದುಹೋದ ಯಾವುದೋ ಹಳೆಯ ತುಣುಕು ಎಂದುಕೊಂಡು ಅವಳು ಅದನ್ನು ತನ್ನ ಮಣಿ ಡಬ್ಬಿಗೆ ಹಾಕಿದಳು. ಹೊಸ ದಾರದಲ್ಲಿ ಎಡಬಲ ಸಮ ಮಾಡಿ ಪೋಣಿಸಿ, ಕೊನೆಗೆ ದಪ್ಪ ಗಂಟು ಹಾಕಿ, ಅದರ ಮೇಲೆ ಚೆನ್ನಾಗಿ ದಾರ ಸುತ್ತಿದಳು.

“ಅಳೇದೆಲ್ಲ ತೆಗ್ದು ಶುದ್ಧ ಮಾಡಿವ್ನಿ ಅತ್ತೆ,” ಎಂದು ಕೊಟ್ಟಳು.

“ನೀನು ಮಾಡಿದ್ಮೇಲೆ ಸರಿ ಇರ್ತದೆ ಬುಡು,” ಎಂದು ಪುಟ್ಟಗೌರಮ್ಮ ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡಳು. ದಿನವೂ ಸ್ನಾನವಾದ ಮೇಲೆ ಆ ಗಂಟನ್ನು ಬೆರಳಲ್ಲಿ ಸವರಿ ಏನೋ ಗೊಣಗುತ್ತಿದ್ದಳು. ಇಂದ್ರಾಣಿ ಅದನ್ನು ಕೆಲಸಕ್ಕೆ ಸಿಕ್ಕ ಮೆಚ್ಚುಗೆ ಎಂದುಕೊಂಡಳು.

ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದಾಗ ಕೈಮುಗಿದ ಹೆಂಗಸಿನ ಗೆರೆ ಮಸುಕಾಗಿ ಕಂಡಿತು. ಚಂದವಿತ್ತು. ಕೆಂಪು ಕಪ್ಪು ಮಣಿಯ ಹೂಬಳ್ಳಿ ಹೆಣೆದು, ಅದನ್ನು ನಟ್ಟನಡುವೆ ತೂಗುಬಿಟ್ಟಳು. ನಡುವೆ ಬಿದ್ದದ್ದಕ್ಕೆ ಜೋಡಿ ಬೇಕಿಲ್ಲವಲ್ಲ. ಸಂಘಮಿತ್ರಾ ಮೇಡಂ ಆ ಸರವನ್ನು ಎಲ್ಲರಿಗೂ ಎತ್ತಿ ತೋರಿಸಿದರು. ಗೌರಿ ಹಬ್ಬ ಕಳೆದ ಮೇಲಿನ ಭಾನುವಾರ ಮಹಿಳಾ ಸಮಾಜದವರು ಶ್ರೀರಂಗಪಟ್ಟಣದಲ್ಲಿ, ಪ್ರವಾಸಿ ಬಸ್ಸುಗಳು ನಿಲ್ಲುವಲ್ಲಿ ಮೇಜು ಹಾಕಿ ಸರಗಳನ್ನು ಇಟ್ಟರು. ಬಸ್ಸಿನಿಂದಿಳಿದ, ಹಿಂದಿಯಲ್ಲಿ ಮಾತಾಡುವ ಒಬ್ಬ ಹೆಂಗಸು ಬೇರೆ ಯಾವುದನ್ನೂ ನೋಡದೆ ಬೆಳ್ಳಿ ಬಿಲ್ಲೆಯ ಸರವನ್ನೇ ಎತ್ತಿಕೊಂಡಳು. ಇಂದ್ರಾಣಿ ತನ್ನ ಮೊದಲ ಸಂಪಾದನೆಯಲ್ಲಿ ಅತ್ತೆಗೆ ಮೈಸೂರುಪಾಕು ತಂದಳು. ಪುಟ್ಟಗೌರಮ್ಮ ಅದರಲ್ಲಿ ದೊಡ್ಡ ತುಂಡನ್ನು ರಂಗಸ್ವಾಮಿಗೆ ಎತ್ತಿಟ್ಟಳು.

ಮಾರ್ಲಾಮಿ ಅಮಾವಾಸ್ಯೆ ಬಂತು. ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ನಡುಮನೆಯಲ್ಲಿ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲುವುದು ವಾಡಿಕೆ. ಪುಟ್ಟಗೌರಮ್ಮ ಪ್ರತಿ ವರ್ಷ ರಾಗಿ ಗುಡಾಣದ ಮೂಲೆಯಲ್ಲಿ ಇನ್ನೊಂದು ಎಲೆಯನ್ನು ತಾನೊಬ್ಬಳೇ ಇಡುತ್ತಿದ್ದಳು. ತವರಿನವರಿಗೇನೋ ಎಂದು ಯಾರೂ ಕೇಳಿರಲಿಲ್ಲ.

ಆ ದಿನ ಇಂದ್ರಾಣಿ ವಡೆಯ ತಟ್ಟೆ ಹಿಡಿದು ಒಳಗೆ ಬಂದಾಗ ಅತ್ತೆ ಆ ಎಲೆಯ ಮುಂದೆ ಕೂತಿದ್ದಳು. ತಾಳಿಯನ್ನು ಹೊರಗೆ ಎಳೆದು, ಕುಂಕುಮದ ಬೆರಳಿನಿಂದ ಒಂದೊಂದು ಮಣಿಯನ್ನೂ ತಡವುತ್ತಿದ್ದಳು. ಗಂಟಿನ ಮೇಲಿನ ದಾರ ಅರ್ಧ ಬಿಚ್ಚಿತ್ತು.

“ಇಂದ್ರಾಣಿ,” ಎಂದಳು ಮೆಲ್ಲಗೆ. “ಅಕ್ಕ ಎಲ್ಲವ್ಳೆ?”

“ಯಾವಕ್ಕ ಅತ್ತೆ?”

“ಈ ಗಂಟ್ನೊಳ್ಗೆ ಇದ್ಲಲ್ಲ. ಬೆಳ್ಳಿ ಬಿಲ್ಲೆ.”

ಇಂದ್ರಾಣಿ ವಡೆಯ ತಟ್ಟೆಯನ್ನು ಕೆಳಗಿಟ್ಟಳು. “ಅದಕ್ಕೆ ಜೋಡಿ ಇರ್ಲಿಲ್ಲ ಅಂತ ತೆಗ್ದೆ ಅತ್ತೆ. ಅಳೇ ತುಣುಕು ಅಂದ್ಕೊಂಡೆ. ಸರಕ್ಕಾಕಿದ್ದೆ, ಸೀರಂಗಪಟ್ಣದಲ್ಲಿ ಮಾರೋಯ್ತು.”

ಪುಟ್ಟಗೌರಮ್ಮ ಗುಡಾಣಕ್ಕೆ ಒರಗಿದಳು. ಕೂಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಇಂದ್ರಾಣಿ ತಡೆದುಕೊಳ್ಳುತ್ತಿದ್ದಳು.

“ನನ್ ಮಗನ್ನ ಕಿತ್ಕೊಂಡೋಯ್ತಾಳೆ ಕಣೆ ಇನ್ನು,” ಎಂದಳು. “ಇಷ್ಟು ವರ್ಸ ಕಟ್ಟಾಕ್ಕೊಂಡಿದ್ದೆ ಎದೆ ಮೇಲೆ. ಅವ್ಳ ಮಗ ಅಲ್ವಾ ಅವ್ನು, ಅವ್ಳು ಬುಡ್ತಾಳಾ?”

“ಯಾರ ಮಗ?”

ಕೇಳಿದ್ದು ಇಂದ್ರಾಣಿಯಲ್ಲ. ಬಾಗಿಲಲ್ಲಿ ರಂಗಸ್ವಾಮಿ ಬಾಳೆಲೆಯ ಕಟ್ಟು ಹಿಡಿದು ನಿಂತಿದ್ದ.

ಅಂದು ಎಡೆ ಆರಿಹೋಯಿತು. ಪುಟ್ಟಗೌರಮ್ಮ ಬಿಕ್ಕುತ್ತ ಹೇಳಿದ್ದು ಇಷ್ಟು. ಮುದ್ದಯ್ಯನಿಗೆ ತಾನು ಎರಡನೆಯವಳು. ಮೊದಲನೆಯವಳು ಬಿಂಡಿಗನವಿಲೆಯ ಮಾದಮ್ಮ. ಮಗುವಿಗೆ ವರ್ಷ ತುಂಬುವುದರೊಳಗೆ ಜ್ವರ ಬಂದು ತೀರಿಕೊಂಡಳಂತೆ. ಮೊದಲ ಹೆಂಡತಿ ಸತ್ತ ಮನೆಗೆ ಬಂದವಳ ತಾಳಿಯಲ್ಲಿ ಸತ್ತವಳ ಹೆಸರಿನ ಬಿಲ್ಲೆ ಇರಬೇಕು, ಹಬ್ಬಕ್ಕೆ ಅವಳಿಗೆ ಮೊದಲು ಎಡೆ ಇಟ್ಟು ತಾನು ಆಮೇಲೆ ಉಣ್ಣಬೇಕು, ಇಲ್ಲದಿದ್ದರೆ ಅವಳು ಬಂದು ಕಾಡುತ್ತಾಳೆ. ಮುದ್ದಯ್ಯನ ತಾಯಿಯೇ ಮದುವೆಯ ದಿನ ಬಿಲ್ಲೆಯನ್ನು ಕಟ್ಟಿದ್ದಳು. ಆ ಮಗುವೇ ರಂಗಸ್ವಾಮಿ.

ರಂಗಸ್ವಾಮಿ ಬಾಳೆಲೆಯ ಕಟ್ಟನ್ನು ಕೆಳಗಿಟ್ಟ. ಆಮೇಲೆ ಕೇಳಿದ: “ಅಂದ್ರೆ ನಂಗೆ ಮೊದ್ಲು ಇಕ್ತಿದ್ದಿದ್ದು, ತುಪ್ಪ ಬುಡ್ತಿದ್ದಿದ್ದು, ಅದೆಲ್ಲ ಅವ್ಳ ಭಯಕ್ಕಾ ಅವ್ವ?”

ಇಲ್ಲ ಎಂದುಬಿಡು ಅತ್ತೆ, ಎಂದು ಇಂದ್ರಾಣಿ ಮನಸ್ಸಿನಲ್ಲೇ ಬೇಡಿಕೊಂಡಳು. ಪುಟ್ಟಗೌರಮ್ಮನಿಗೆ ಸುಳ್ಳು ಬರುತ್ತಿರಲಿಲ್ಲ.

“ಮೊದ್ಮೊದ್ಲು ಭಯಕ್ಕೇ ಕಣಪ್ಪ,” ಎಂದಳು. “ಆಮೇಲೆ ಯಾವತ್ತು ಭಯ ಬುಟ್ಟೋಯ್ತೋ ನಂಗೇ ಗೊತ್ತಾಗ್ಲಿಲ್ಲ.”

“ಎತ್ತ ಮಗ ನಾನು, ಬೆಣ್ಣೆ ಅವನ್ಗೆ, ಮಜ್ಗೆ ನಂಗೆ,” ಎಂದ ಅಷ್ಟರಲ್ಲಿ ಒಳಗೆ ಬಂದಿದ್ದ ಶಂಕರ. “ಒಟ್ಟೇಲಿ ಉಟ್ಟಿದ್ದೇ ತಪ್ಪಾಗೋಯ್ತಲ್ಲ ನಂದು.” ತಮಾಷೆ ಮಾಡಲು ಹೊರಟವನ ದನಿ ಅರ್ಧದಲ್ಲೇ ಒಡೆಯಿತು. ಅವನು ಕೊಟ್ಟಿಗೆಗೆ ಹೋಗಿ ಹಸುವಿಗೆ ಹುಲ್ಲು ಹಾಕತೊಡಗಿದ.

ಮುದ್ದಯ್ಯ ಜಗಲಿಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ಹಳೆಯ ಕತೆ ಈಗ ಯಾಕೆ ಎನ್ನುವಂತೆ ರಸ್ತೆಯ ಕಡೆ ಮುಖ ಮಾಡಿದ್ದ.

ಇಂದ್ರಾಣಿ ಸಂಘಮಿತ್ರಾ ಮೇಡಂ ಜೊತೆ ಶ್ರೀರಂಗಪಟ್ಟಣಕ್ಕೆ ಹೋಗಿ ಕಂಡಕಂಡವರನ್ನೆಲ್ಲ ವಿಚಾರಿಸಿದಳು. ಬಸ್ಸಿಳಿದು ಹತ್ತಿದ ಹೆಂಗಸನ್ನು ಎಲ್ಲಿಂದ ಹುಡುಕುವುದು? ಮನೆಯಲ್ಲಿ ಅತ್ತೆ ಸರಿಯಾಗಿ ಉಣ್ಣುವುದನ್ನೇ 
ಬಿಟ್ಟಳು. ರಂಗಸ್ವಾಮಿ ಸೈಕಲ್ಲು ಹತ್ತಿದರೆ ಬಾಗಿಲಿಗೆ ಬಂದು ನಿಲ್ಲುವಳು, ಅವನು ವಾಪಸು ಬರುವವರೆಗೆ ಒಳಗೆ ಹೋಗಳು. ಮಣಿ ಡಬ್ಬಿಯನ್ನು ಇಂದ್ರಾಣಿ ಅಟ್ಟಕ್ಕೆ ಎಸೆದಳು. ತನ್ನ ಕೈಯೇ ತನಗೆ ಅಸಹ್ಯವಾಗಿತ್ತು.

“ಒಸ ಬಿಲ್ಲೆ ಮಾಡಿಸ್ಬೇಕು,” ಎಂದಳು ಪುಟ್ಟಗೌರಮ್ಮ ಒಂದು ದಿನ. “ಸುಮ್ನೆ ಮಾಡ್ಸಂಗಿಲ್ಲ. ಅಕ್ಕನ ತವರಿಗೋಗಿ ತಪ್ಪಾಯ್ತು ಅಂತ ಕೇಳ್ಕೊಂಡು, ಅವ್ರ ಕೈಯಿಂದ ಅರಿಶ್ನ ಕುಂಕುಮ ಇಸ್ಕೊಂಡು ಮಾಡಿಸ್ಬೇಕು.”

ಜಗಲಿಯಿಂದ ಮುದ್ದಯ್ಯ ಎದ್ದು ಬಂದ. “ಅಲ್ಲಿ ಯಾರೂ ಇಲ್ಲ. ಮನೆ ಬಿದ್ದೋಗದೆ. ಬಿಂಡಿಗನವಿಲೆ ದಿಕ್ಕಿಗೆ ತಲೆ ಆಕಬ್ಯಾಡಿ.”

“ಇಷ್ಟು ವರ್ಸ ಓಗದೆ ಇರೋರ್ಗೆ ಬಿದ್ದೋಗಿರಾದು ಎಂಗೆ ಗೊತ್ತು?” ಎಂದ ರಂಗಸ್ವಾಮಿ.

“ಯೋಳಿದ್ದು ಕೇಳ್ಲಾ.”

“ಕೇಳ್ಕೊಂಡೇ ಬಂದಿವ್ನಿ ಇಲ್ಲೀಗಂಟ.”

ಪುಟ್ಟಗೌರಮ್ಮ, ರಂಗಸ್ವಾಮಿ, ಇಂದ್ರಾಣಿ ಮೂವರೂ ಹೊರಟರು. ಪುಟ್ಟಗೌರಮ್ಮ ಚೀಲದಲ್ಲಿ ಒಂದು ಸೀರೆ, ರವಿಕೆ ಕಣ, ಬಳೆ, ಹೂವು ಇಟ್ಟುಕೊಂಡಿದ್ದಳು. ನಾಗಮಂಗಲದಲ್ಲಿ ಬಸ್ಸು ಬದಲಿಸಿ ಬಿಂಡಿಗನವಿಲೆಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಬ್ಬು ಭತ್ತ ನೋಡಿದ ಕಣ್ಣಿಗೆ ಅಲ್ಲಿ ಬರೀ ಹುರುಳಿ ಹೊಲ, ಕುರಿಮಂದೆ. ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸನ್ನು ಇಂದ್ರಾಣಿ ಕೇಳಿದಳು.

“ಮಾದಮ್ಮ ಅಂತ, ಬಾಳ ಇಂದೆ ತೀರ್ಕೊಂಡ್ರಲ್ಲ, ಅವ್ರ ತವರು ಮನೆ ಯಾವ್ದವ್ವ?”

“ತೀರ್ಕೊಂಡಿರೋ ಮಾದಮ್ಮನಾ?” ಆ ಹೆಂಗಸು ಸೋಪಿನ ಕೈಯಲ್ಲೇ ಮೂಗು ಒರೆಸಿಕೊಂಡಳು. “ಯಾರಿಗೆ ಕೊಟ್ಟಿದ್ರು?”

“ಮುದ್ದಯ್ಯ ಅಂತ. ಪಾಂಡವಪುರದ ಕಡೆ ಬಂದ್ಬುಟ್ರು.”

“ಆ ಮಾದಮ್ಮ ಯಾಕ್ ಸಾಯ್ತಾಳೆ? ತೊನ್ನು ಬಂತು ಅಂತ ಗಂಡ ಬುಟ್ಟೋದ್ನಲ್ಲ, ಅವ್ಳೇ ತಾನೆ? ಅಗೋ ಅಲ್ಲಿ, ಬೇವಿನ ಮರದಡಿ ಕುರಿ ಮೇಯಿಸ್ತಾವ್ಳೆ ನೋಡಿ.”

ಇಂದ್ರಾಣಿ ಗಂಡನ ಮುಖ ನೋಡಿದಳು. ಪುಟ್ಟಗೌರಮ್ಮನ ಕೈಯಿಂದ ಚೀಲ ಜಾರಿ ಬಳೆಗಳು ಕಲ್ಲಿನ ಮೇಲೆ ಚೂರಾದವು.

ಮರದ ಕೆಳಗೆ ಒಬ್ಬ ಬಡಕಲು ಮುದುಕಿ. ಮುಖದ ಅರ್ಧ, ಎರಡೂ ಮುಂಗೈ ಹಾಲಿನಂತೆ ಬಿಳಿ. ಅವಳ ಪಾಲಿಗೆ ಊರಂಚಿನಲ್ಲಿ ಒಂದು ಸೋಗೆ ಗುಡಿಸಲು, ಅಣ್ಣನ ಮಕ್ಕಳ ಕುರಿಗಳು. ಬಂದವರನ್ನು ಕಂಡು ಅವಳು ಅಭ್ಯಾಸದಂತೆ ಹತ್ತು ಮಾರು ದೂರ ಸರಿದು, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಯಾರ ಪೈಕಿ ನೀವು?”

“ನಾನು ಮುದ್ದಯ್ಯನ ಮನೆಯೋಳು ಕಣಕ್ಕ,” ಎಂದಳು ಪುಟ್ಟಗೌರಮ್ಮ.

ಮಾದಮ್ಮ ಅವಳನ್ನೇ ದಿಟ್ಟಿಸಿದಳು. “ಸತ್ರಾ ಅವ್ರು?”

“ಇಲ್ಲ.”

“ಮತ್ಯಾಕ್ ಬಂದ್ರಿ?”

ಪುಟ್ಟಗೌರಮ್ಮ ನೆಲಕ್ಕೆ ಕುಸಿದಳು. “ನೀನು ಸತ್ತಿದೀಯ ಅಂತ ಯೋಳಿದ್ರು ಕಣಕ್ಕ ನಂಗೆ. ವರ್ಸ ವರ್ಸ ನಿಂಗೆ ಎಡೆ ಇಕ್ಕಿವ್ನಿ. ನಿನ್ ಬಿಲ್ಲೆ ನನ್ ತಾಳಿ ಪಕ್ಕ ಮಡೀಕಂಡು, ಮಗೀನ ಕಾಯಿ ಅಂತ ದಿನಾ ಬೇಡ್ಕಂಡಿವ್ನಿ. ನಿನ್ ಮಗನ್ನ ಕರ್ಕಬಂದಿವ್ನಿ, ನೋಡಕ್ಕ.”

“ನನ್ ಮಗ?” ಮಾದಮ್ಮ ಸಣ್ಣಗೆ ನಕ್ಕಳು. “ನನ್ ಮಗ ಓಗಿ ಎಷ್ಟು ಕಾಲ ಆಯ್ತು. ವಾಂತಿ ಭೇದಿ ಆಗಿ ಓಗ್ಬುಡ್ತು ಅಂತ ಅವ್ರೇ ಬಂದು ಯೋಳಿದ್ರಲ್ಲ. ಇದೇ ಮರದಡಿ ನಿಂತ್ಕೊಂಡು ಯೋಳಿದ್ರು. ಮಣ್ಣು ಮಾಡಿ ಬಂದಿವ್ನಿ ಅಂದ್ರು.”

ಇವಳಿಗೆ ಅವಳನ್ನು ಕೊಂದು, ಅವಳಿಗೆ ಮಗುವನ್ನು ಕೊಂದು, ಎರಡೂ ಊರಲ್ಲಿ ತಲೆ ಎತ್ತಿಕೊಂಡು ಓಡಾಡಿದ್ದ ಮನುಷ್ಯ ಈ ಹೊತ್ತು ಪಾಂಡವಪುರದ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದಾನೆ ಎಂಬುದನ್ನು ಇಂದ್ರಾಣಿಗೆ ನಂಬಲಾಗಲಿಲ್ಲ. ಹತ್ತು ವರ್ಷ ಅವನಿಗೆ ಬಿಸಿನೀರು ಕಾಯಿಸಿಕೊಟ್ಟಿದ್ದಳು, ಕಾಲಿಗೆ ಬಿದ್ದಿದ್ದಳು.

ರಂಗಸ್ವಾಮಿ ಎರಡು ಹೆಜ್ಜೆ ಮುಂದಿಟ್ಟ. “ನಾನು ಸತ್ತಿಲ್ಲ ಕಣವ್ವ.”

“ಮುಟ್ಬ್ಯಾಡ, ನಿಂಗೂ ಅತ್ಕತದೆ,” ಎಂದು ಮಾದಮ್ಮ ಹಿಂದೆ ಸರಿದಳು.

“ಅತ್ಕಳಲ್ಲ. ಅದು ಅತ್ಕಳೋ ಕಾಯ್ಲೆ ಅಲ್ಲ ಅಂತ ಈಗ ಎಲ್ಲಾರ್ಗೂ ಗೊತ್ತು.” ಅವನು ಅವಳ ಬಿಳಿಯ ಕೈಗಳನ್ನು ಸೆರಗಿನೊಳಗಿಂದ ಬಿಡಿಸಿ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಹಿಡಿದ ಕೈಗಳನ್ನೇ ನೋಡುತ್ತಿದ್ದಳು. ಅವನ್ನು ಯಾರಾದರೂ ಹಿಡಿದು ಎಷ್ಟು ಕಾಲವಾಗಿತ್ತೋ.

“ಅತ್ತೂ ಅತ್ತೂ ಮುಗಿಸಿರೋನ್ನ ಇಂಗೆ ತಂದು ನಿಲ್ಲಿಸಿದ್ರೆ ನಾನೇನ್ ಮಾಡ್ಲವ್ವ?” ಎಂದು ಅವಳು ಕೇಳಿದ್ದು ಪುಟ್ಟಗೌರಮ್ಮನನ್ನು. “ನಂಬಕ್ಕಾಗಲ್ಲ ನಂಗೆ. ಇವತ್ತು ಓಗಿ. ಇನ್ನೊಂದ್ ದಪ ಬರೋದಾದ್ರೆ ಬನ್ನಿ. ಮಾರ್ಲಾಮಿ ಅಮಾಸೆ ದಿಸ ಕೂಡ ಇವನ್ಗೆ ಹಾಲನ್ನ ಇಕ್ಕಿವ್ನಿ ನಾನು.”

“ಜೊತೇಲಿ ಬಂದ್ಬುಡಕ್ಕ ಮನೆಗೆ,” ಎಂದು ಪುಟ್ಟಗೌರಮ್ಮ ಕೈ ಮುಗಿದಳು.

“ಯಾವ ಮನೆಗೆ?” ಎಂದು ಮಾದಮ್ಮ ಕೋಲು ಎತ್ತಿಕೊಂಡಳು. ಕುರಿಗಳು ಹುರುಳಿ ಹೊಲಕ್ಕೆ ನುಗ್ಗುತ್ತಿದ್ದವು.

ದೀಪ ಹಚ್ಚುವ ಹೊತ್ತಿಗೆ ಮನೆ ತಲುಪಿದ ಪುಟ್ಟಗೌರಮ್ಮ ಕೈಕಾಲು ತೊಳೆದವಳೇ ಒಲೆ ಹಚ್ಚಿ ಮುದ್ದೆಗೆ ನೀರಿಟ್ಟಳು. ಮುದ್ದಯ್ಯ ಜಗಲಿಯಿಂದಲೇ ಕೇಳಿದ.

“ಯಾರಾರ ಸಿಕ್ಕಿದ್ರಾ?”

“ಅವ್ವ ಸಿಕ್ಕಿದ್ಲು,” ಎಂದ ರಂಗಸ್ವಾಮಿ.

ಮುದ್ದಯ್ಯ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. “ಬದುಕವ್ಳಾ ಇನ್ನೂವೆ?”

ಶಂಕರ ಏನೂ ಅರ್ಥವಾಗದೆ ಅಣ್ಣನ ಮುಖ, ಅಪ್ಪನ ಮುಖ ನೋಡಿದ. ಇಂದ್ರಾಣಿ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಶಂಕರ ಕೇಳುತ್ತ ಕೇಳುತ್ತ ಅಪ್ಪನಿಂದ ದೂರ ಸರಿದು ಅಣ್ಣನ ಪಕ್ಕಕ್ಕೆ ಬಂದು ನಿಂತ.

“ಯಾಕಪ್ಪ?” ಎಂದ ರಂಗಸ್ವಾಮಿ.

“ನಮ್ಮಪ್ಪ ಯೋಳ್ದ, ನಾನು ಮಾಡ್ದೆ. ತೊನ್ನಿನ ಎಂಗ್ಸನ್ನ ಮಡೀಕಂಡ್ರೆ ನಮ್ಮ ಬಾವಿ ನೀರು ಯಾರೂ ಸೇದಲ್ಲ ಅಂದಿದ್ರು. ನಾಳೆ ನಿಂಗೆ ಎಣ್ಣು ಕೊಡೋರ್ಯಾರ್ಲಾ? ನಿನ್ ಒಳ್ಳೇದಕ್ಕೇ ಮಾಡಿದ್ದು.”

“ನಾನು ಸತ್ತೆ ಅಂತ ಅವ್ಳಿಗೆ ಯೋಳಿದ್ಯಾಕೆ?”

“ಅಂಗೆ ಯೋಳ್ದೆ ಓಗಿದ್ರೆ ನಿನ್ನ ಉಡೀಕಂಡು ಬಂದ್ಬುಡೋಳು.”

ಹಸು ಆಚೆ ಹೋಗದಿರಲಿ ಎಂದು ಗೇಟು ಹಾಕಿದೆ ಎನ್ನುವಂತೆ ಹೇಳಿದ. ದನಿಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಇಂದ್ರಾಣಿಗೆ ಅವನು ಮಾಡಿದ್ದಕ್ಕಿಂತ ಆ ದನಿ ಹೆಚ್ಚು ಭಯ ಹುಟ್ಟಿಸಿತು.

ಒಳಗೆ ಪುಟ್ಟಗೌರಮ್ಮ ತಟ್ಟೆ ಹಾಕುವ ಸದ್ದಾಯಿತು. ರಂಗಸ್ವಾಮಿ ಹೋಗಿ ತನ್ನ ಜಾಗದಲ್ಲಿ ಕೂತ. ಅವಳು ಮುದ್ದೆ ಹಿಡಿದು ಅವನ ಮುಂದೆ ನಿಂತಳು. ಇಕ್ಕಲೋ ಬೇಡವೋ ಎಂದು ಕೈ ತಡೆದಿತ್ತು. ಇನ್ನು ತನಗೆ ಆ ಹಕ್ಕು ಉಂಟೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

“ಇಕ್ಕವ್ವ, ಅಸೀತದೆ,” ಎಂದ ಅವನು.

ಅವಳು ಇಕ್ಕಿದಳು. ತುಪ್ಪ ಬಿಟ್ಟಳು. ಅದೇ ಕೈಯಲ್ಲಿ ಶಂಕರನ ತಟ್ಟೆಗೂ ಅಷ್ಟೇ ತುಪ್ಪ ಬಿಟ್ಟಳು. ಆಮೇಲೆ ಅರ್ಪಿತಳಿಗೆ, ಇಂದ್ರಾಣಿಗೆ.

ಮುದ್ದಯ್ಯ ಕೈ ತೊಳೆದು ಬಂದು ಗೋಡೆಗೆ ಒರಗಿ ಕೂತ. ಅವನ ಮುಂದೆ ತಟ್ಟೆ ಇರಲಿಲ್ಲ.

“ನಂಗೆ?”

“ನಿಮ್ದು ಅಲ್ಲಿ ಇಕ್ಕಿವ್ನಿ,” ಎಂದಳು ಪುಟ್ಟಗೌರಮ್ಮ.

ರಾಗಿ ಗುಡಾಣದ ಮೂಲೆಯಲ್ಲಿ ಕುಡಿ ಬಾಳೆಲೆ. ಅದರ ಮೇಲೆ ಮುದ್ದೆ, ಸಾರು, ಪಕ್ಕದಲ್ಲಿ ಒಂದು ಚೊಂಬು ನೀರು, ಒಂದು ಕಟ್ಟು ಬೀಡಿ. ಎಲೆಯ ತಲೆಗೆ ಹಚ್ಚಿಟ್ಟ ದೀಪ.

ಮುತ್ತೈದೆಯೊಬ್ಬಳು ಬದುಕಿರುವ ಗಂಡನಿಗೆ ಎಡೆ ಇಟ್ಟದ್ದನ್ನು ಇಂದ್ರಾಣಿ ಕಂಡಿರಲಿಲ್ಲ, ಕೇಳಿರಲಿಲ್ಲ. ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮುದ್ದಯ್ಯ ಒಮ್ಮೆ ದೀಪವನ್ನೂ ಒಮ್ಮೆ ಹೆಂಡತಿಯನ್ನೂ ನೋಡಿದ.

“ಓಗಿ ಉಣ್ಣಿ,” ಎಂದಳು ಪುಟ್ಟಗೌರಮ್ಮ. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. “ಆ ಮೂಲೇಲಿ ಉಣ್ಣೋಕೆ ಸತ್ತೇ ಇರ್ಬೇಕು ಅಂತೇನಿಲ್ಲ. ನಮ್ಮಕ್ಕ ಇಷ್ಟು ವರ್ಸ ಉಂಡವ್ಳೆ.”

ಇಂದ್ರಾಣಿ ಮಗಳ ಕಣ್ಣು ಮುಚ್ಚಲು ಕೈ ಎತ್ತಿದಳು. ಆಮೇಲೆ ನೋಡಲಿ ಬಿಡು ಎನಿಸಿ, ಕೈ ಇಳಿಸಿದಳು.